ಹೊಸ ಮುಖಕ್ಕೆ ಹಳೆಯ ದನಿ

"ಇವ್ನ್ಯಾರು?" ಎಂದಳು ಅಮೃತ. ಅವಳ ಕೈಯಲ್ಲಿದ್ದ ಕಾಫಿ ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿದ ಸದ್ದಾಯಿತು. "ಅಮ್ಮ, ಬಾ ಇಲ್ಲಿ. ಯಾರ್ನೋ ತಂದು ಹಾಕ್ಬಿಟ್ಟವ್ರೆ."

ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಹೇಮಶ್ರೀಗೆ ಏನಾಯಿತೆಂದು ತಿಳಿಯಲಿಲ್ಲ. ಟೀವಿಯಲ್ಲಿ ಕ್ಯಾಪ್ಟನ್ ಮಿರಾನ್ ಮಾತಾಡುತ್ತಿದ್ದ. ನೌಕೆಗೆ ಬೆಂಕಿ ಬಿದ್ದು, ಮೂರು ವಾರದಿಂದ ಅವನು ಮುಖಕ್ಕೆಲ್ಲ ಬಟ್ಟೆ ಸುತ್ತಿಸಿಕೊಂಡು ಪ್ರಜ್ಞೆಯಿಲ್ಲದೆ ಮಲಗಿದ್ದ. ಮೂರು ವಾರ ಅವನ ಮಾತೇ ಇರಲಿಲ್ಲ. ಇವತ್ತು ಎದ್ದು, "ನಾನು ಎಷ್ಟು ದಿನ ಮಲಗಿದ್ದೆ?" ಎಂದು ಕೇಳಿದ್ದ. ಕೇಳಿದ ಕೂಡಲೇ ಹೇಮಶ್ರೀಯ ಎದೆ ಹಗುರಾಗಿತ್ತು. ಅದೇ ದನಿ. ಸಾಲು ಮುಗಿಯುವ ಮುನ್ನ ಸ್ವಲ್ಪ ತಗ್ಗಿ, ಕೊನೆಯ ಪದವನ್ನು ಮೆಲ್ಲಗೆ ನೆಲಕ್ಕೆ ಇಟ್ಟಂತೆ ಮಾತಾಡುವುದು ಅವನ ರೀತಿ.

"ಕ್ಯಾಪ್ಟನ್ನೇ ತಾನೆ ಮಾತಾಡ್ತಿರೋದು?" ಎಂದಳು.

"ಕ್ಯಾಪ್ಟನ್ ಅಲ್ಲ ಅಕ್ಕ, ಬೇರೆ ಯಾರೋ. ಬ್ಯಾಂಡೇಜ್ ಬಿಚ್ಚಿದ್ರೆ ಒಳಗೆ ಬೇರೆ ಮುಖ. ಉದ್ದ ಮೂಗು, ಸಣ್ಣ ಕಣ್ಣು, ಗಡ್ಡಾನೇ ಇಲ್ಲ. ಆಪರೇಷನ್ ಮಾಡಿ ಮುಖ ಬದಲಾಯ್ಸಿದೀವಿ ಅಂತ ಡಾಕ್ಟರ್ ಹೇಳ್ತಾವ್ಳೆ. ಯಾರ ಕಿವಿ ಮೇಲೆ ಹೂ ಇಡ್ತಾರೆ ಇವ್ರು?"

ಅಡುಗೆಮನೆಯಿಂದ ಬಂದ ಅವಳ ತಾಯಿ ಕುಸುಮ ಒಂದು ಗಳಿಗೆ ನಿಂತು ನೋಡಿದಳು. "ಅಯ್ಯೋ ಬುಡು, ಯಾರ್ ಬಂದ್ರೇನು. ಕತೆ ಅದೇ ತಾನೆ," ಎಂದು ಒಳಕ್ಕೆ ಹೋದಳು. ಅಮೃತ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ಅಳುತ್ತಿದ್ದಾಳೆ ಎಂದು ಹೇಮಶ್ರೀಗೆ ಗೊತ್ತಾಯಿತು. ಟೀವಿಯಲ್ಲಿ ಕ್ಯಾಪ್ಟನ್ ತನ್ನ ಜನರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ವಿಚಾರಿಸುತ್ತಿದ್ದ.

'ದೂರದ ದಡ' ಯಾವುದೋ ಹೊರದೇಶದ ಸೀರಿಯಲ್ಲು. ಭೂಮಿಯಿಂದ ಹೊರಟು ದಾರಿ ತಪ್ಪಿದ ನೌಕೆಯೊಂದು ನಕ್ಷತ್ರಗಳ ನಡುವೆ ಊರು ಹುಡುಕಿಕೊಂಡು ಅಲೆಯುವ ಕತೆ. ಕನ್ನಡಕ್ಕೆ ಡಬ್ ಮಾಡಿ ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ತೋರಿಸುತ್ತಿದ್ದರು. ಅದರಲ್ಲಿ ಎಂಟು ವರ್ಷ ಹೇಮಶ್ರೀ ಅದನ್ನು ಈ ಕುರ್ಚಿಯಲ್ಲಿ ಕೂತೇ ಕೇಳಿದ್ದಳು. ನಾಲ್ಕನೇ ವಯಸ್ಸಿನಲ್ಲಿ ದಡಾರ ಬಂದು ಅವಳ ಎರಡೂ ಕಣ್ಣು ಹೋಗಿದ್ದವು. ಅಪ್ಪ ಕರಿಸಿದ್ದಯ್ಯ ಮಳವಳ್ಳಿ ಕಡೆಯ ಹಳ್ಳಿಯಿಂದ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ಮೈಸೂರಿನ ಶಾಲೆಗೆ ಸೇರಿಸಿ ಬಂದಿದ್ದ. ಅಲ್ಲಿಂದ ಓದಿ, ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಹಳೆಯ ಬಾಡಿಗೆ ಮನೆ ಬಿಟ್ಟು ಬೇರೆ ಹುಡುಕುವಾಗ ನಾಲ್ಕು ಕಡೆ ಊರು ಕೇಳಿ, ತಂದೆಯ ಹೆಸರು ಕೇಳಿ, "ಆಮೇಲೆ ಹೇಳ್ತೀವಿ" ಎಂದಿದ್ದವರು ಆಮೇಲೆ ಹೇಳಿರಲಿಲ್ಲ. ಕುಸುಮ ಮಾತ್ರ, "ಗೌರ್ಮೆಂಟ್ ಕೆಲ್ಸ ಅಂತೀರಿ, ಬಂದಿರಿ," ಎಂದು ಹಿತ್ತಲ ಕೋಣೆಯ ಬೀಗದಕೈ ಕೊಟ್ಟಿದ್ದಳು. ಎಂಟು ವರ್ಷದಲ್ಲಿ ನಡುಮನೆಯ ಈ ಕುರ್ಚಿಯಿಂದ ಒಳಕ್ಕೆ ಹೇಮಶ್ರೀ ಹೋಗಿರಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿಯೂ ಇರಲಿಲ್ಲ.

ಆಗ ಅಮೃತಳಿಗೆ ಹನ್ನೆರಡು ವರ್ಷ. ಮೊದಲ ಭಾನುವಾರ ತಾನೇ ಬಂದು ಕೈ ಹಿಡಿದು ಕರೆದುಕೊಂಡು ಹೋಗಿದ್ದಳು. "ಈಗ ಬಾಗಿಲು ತೆಗೀತಾವ್ನೆ. ಹೊರಗೆಲ್ಲ ಕಪ್ಪು. ನಕ್ಷತ್ರ ಅಂದ್ರೆ ರಾಗಿ ಚೆಲ್ಲಿದಂಗದೆ," ಎಂದು ಮಾತಿಲ್ಲದ ಕಡೆಯಲ್ಲೆಲ್ಲ ಚಿತ್ರ ಹೇಳುತ್ತಿದ್ದಳು. ಹೈಸ್ಕೂಲು, ಪಿಯುಸಿ, ಈಗ ಬಿಎಸ್ಸಿ. ಹೇಳುವುದು ಕಡಿಮೆಯಾಗಿತ್ತು, ಆದರೆ ನಿಂತಿರಲಿಲ್ಲ. ಕ್ಯಾಪ್ಟನ್ ಹೇಗಿದ್ದಾನೆ ಎಂದು ಒಮ್ಮೆ ಕೇಳಿದ್ದಕ್ಕೆ, "ನಮ್ ಗಣಿತದ ಮೇಷ್ಟ್ರ ಥರ, ಆದ್ರೆ ಬೆಳ್ಳಗವ್ನೆ," ಎಂದಿದ್ದಳು. ಹೇಮಶ್ರೀ ಗಣಿತದ ಮೇಷ್ಟ್ರನ್ನೂ ಕಂಡವಳಲ್ಲ. ಅವಳಿಗೆ ಮನುಷ್ಯ ಎಂದರೆ ದನಿ. ಕಚೇರಿಯ ನಲವತ್ತು ಟೇಬಲ್ಲುಗಳಲ್ಲಿ ಯಾರು ಫೋನ್ ಎತ್ತಿದರೂ ಅವರು 'ಹಲೋ' ಎನ್ನುವ ಮೊದಲಿನ ಉಸಿರಿನಲ್ಲೇ ಯಾರೆಂದು ಹೇಳುತ್ತಿದ್ದಳು. ಈಗ ಎಲ್ಲರ ಜೇಬಿನಲ್ಲೂ ಮೊಬೈಲು. ಅವಳ ಬೋರ್ಡಿಗೆ ದಿನಕ್ಕೆ ಹತ್ತು ಹದಿನೈದು ಕರೆ ಬಂದರೆ ಹೆಚ್ಚು. ಭಾನುವಾರ ಹತ್ತರಿಂದ ಹನ್ನೊಂದರವರೆಗೆ ಕೇಳುವಷ್ಟು ಮಾತನ್ನು ಅವಳು ವಾರದ ಉಳಿದ ದಿನ ಕೇಳುತ್ತಿರಲಿಲ್ಲ.

ಮುಂದಿನ ಭಾನುವಾರದ ಹೊತ್ತಿಗೆ ಅಮೃತಳ ಅಳು ಹೋಗಿ ಸಿಟ್ಟು ಬಂದಿತ್ತು. 'ದೂರದ ದಡ ಬಳಗ' ಎಂದು ಫೋನಿನಲ್ಲಿ ಅವಳದೊಂದು ಗುಂಪಿತ್ತು. ಹನ್ನೊಂದು ಸಾವಿರ ಜನ. ಅದನ್ನು ನಡೆಸುವ ನಾಲ್ವರಲ್ಲಿ ಅವಳೂ ಒಬ್ಬಳು. ಜನ ಬರೆದಿದ್ದನ್ನು ಹೇಮಶ್ರೀಗೆ ಗಟ್ಟಿಯಾಗಿ ಓದಿ ಹೇಳಿದಳು. ಹಾಸನದವನೊಬ್ಬ ಇನ್ನು ಈ ಸೀರಿಯಲ್ಲು ನೋಡುವುದಿಲ್ಲ ಎಂದು ಬರೆದಿದ್ದ. ಹುಬ್ಬಳ್ಳಿಯ ಹೆಂಗಸೊಬ್ಬಳು ಹಳೆಯ ನಟನ ಫೋಟೋಗೆ ಹೂವಿನ ಹಾರ ಹಾಕಿ, ಅವನೇನೋ ಸತ್ತೇಹೋದ ಹಾಗೆ, ಎರಡು ಸಾಲು ಬರೆದಿದ್ದಳು. ಹಳೆಯ ನಟನನ್ನೇ ಕರೆತನ್ನಿ ಎಂದು ಚಾನೆಲ್ಲಿನವರಿಗೆ ಸಾವಿರ ಜನ ಬರೆದರೆ, ಅದು ನಮ್ಮ ಕೈಯಲ್ಲಿಲ್ಲ, ಹೊರದೇಶದವರ ತೀರ್ಮಾನ ಎಂದು ಅವರು ಉತ್ತರಿಸಿದ್ದರು.

"ಮುಖ ಹೋಗ್ಲಿ ಅಕ್ಕ, ಈ ಮುಖಕ್ಕೆ ಆ ದನಿ ಒಂಚೂರೂ ಒಪ್ಪಲ್ಲ," ಎಂದಳು ಅಮೃತ. "ಕಣ್ಣು ಮುಚ್ಕೊಂಡ್ರೆ ಅವನು, ತೆಗೆದ್ರೆ ಇವನು. ಹಿಂಸೆ. ನಿಮಗೇನೂ ಅನ್ನಿಸ್ಲೇ ಇಲ್ವಾ?"

"ನಂಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಕಣೆ."

"ನಿಮಗೆಂಗೆ ಗೊತ್ತಾಗುತ್ತೆ ಬಿಡಿ."

ಒಳಗೆ ಒಗ್ಗರಣೆಯ ಸದ್ದು ನಿಂತಿತು. "ಅಮೃತ, ನಾಲಗೆ ಬಿಗಿ ಹಿಡ್ಕಂಡು ಮಾತಾಡು," ಎಂದಳು ಕುಸುಮ. ಅಮೃತ, "ನಾನು ಹಂಗಲ್ಲ ಹೇಳಿದ್ದು," ಎಂದಳು. ಹೇಮಶ್ರೀ ನಕ್ಕು, "ಇರ್ಲಿ ಬಿಡಿ," ಎಂದಳು. ಟೀವಿಯ ಸದ್ದನ್ನು ಯಾರೋ ಸ್ವಲ್ಪ ಜೋರು ಮಾಡಿದರು. ಸೀರಿಯಲ್ಲು ಮುಗಿದ ಮೇಲೆ ಅಮೃತ, ಏನೋ ನೋಡಬೇಕು ಎಂದು ಹೇಮಶ್ರೀಯ ಫೋನನ್ನು ಇಸಿದುಕೊಂಡು, ಒಂದು ನಿಮಿಷದಲ್ಲಿ ವಾಪಸ್ಸು ಕೈಗಿಟ್ಟಳು. ಹಾಗೆ ತೆಗೆದುಕೊಳ್ಳುವುದು ಅವಳಿಗೆ ಹೊಸದಲ್ಲ.

ಮಂಗಳವಾರ ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಫೋನು ಮಿಡಿಯಿತು. ಬಂದ ಸಂದೇಶಗಳನ್ನು ಅದು ಓದಿ ಹೇಳುತ್ತಿತ್ತು, ಏರಿಳಿತವಿಲ್ಲದ ಹೆಣ್ಣುದನಿ. "ಪ್ರಿಯ ವೀಕ್ಷಕರೇ, ಹೊಸ ಕ್ಯಾಪ್ಟನ್‌ಗೆ ಹೊಸ ಧ್ವನಿ ಬೇಕು ಎಂದು ನೀವು ಮತ ಹಾಕಿದ್ದೀರಿ. ನಿಮ್ಮ ಆಸೆ ಈಡೇರಿದೆ. ಈ ಭಾನುವಾರದಿಂದ ಕ್ಯಾಪ್ಟನ್ ಮಿರಾನ್ ಹೊಸ ಧ್ವನಿಯಲ್ಲಿ. ಧನ್ಯವಾದ."

ಹೇಮಶ್ರೀ ಇನ್ನೊಮ್ಮೆ ಓದಿಸಿದಳು. ಆಮೇಲೆ ಬರಿಗಾಲಲ್ಲೇ ಅಂಗಳ ದಾಟಿ ಮುಂದಿನ ಮನೆಯ ಬಾಗಿಲಿಗೆ ಹೋದಳು. ಅಮೃತ ಮೆಟ್ಟಿಲ ಮೇಲೆ ಕೂತಿದ್ದಳು.

"ನನ್ನ ಫೋನಿಂದ ಓಟು ಹಾಕಿದ್ಯಾ?"

"ಹೂಂ ಅಕ್ಕ, ಮಿಸ್ಡ್ ಕಾಲ್ ಕೊಡ್ಬೇಕಿತ್ತು ಅಷ್ಟೆ. ಒಂದ್ ನಂಬರಿಂದ ಒಂದೇ ಓಟು. ಅಪ್ಪನ ಫೋನು, ಅಮ್ಮನ ಫೋನು, ನಮ್ ಕ್ಲಾಸ್ನವರದೆಲ್ಲ, ಎಲ್ಲಾದ್ರಿಂದಲೂ ಹಾಕಿದ್ವಿ. ಗೆದ್ವಲ್ಲ." ಅವಳ ದನಿಯಲ್ಲಿ ಖುಷಿ ಇನ್ನೂ ಆರಿರಲಿಲ್ಲ.

"ಒಂದು ಮಾತು ಕೇಳಬಹುದಿತ್ತು ನೀನು."

ಅಮೃತಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ನಿಮಗೆ ಎರಡೂ ಒಂದೇ ಅಲ್ವಾ ಅಕ್ಕ? ನೀವೇ ಅಂದ್ರಲ್ಲ, ವ್ಯತ್ಯಾಸಾನೇ ಗೊತ್ತಾಗ್ಲಿಲ್ಲ ಅಂತ."

ಹೇಮಶ್ರೀ ಬಾಯಿ ತೆರೆದಳು. ಹೇಳಬೇಕಾದದ್ದು ಬಹಳ ಸುಲಭದ ಮಾತು. ಆದರೆ ಎಂಟು ವರ್ಷ ಜೊತೆಯಲ್ಲಿ ಕೂತವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿ ಬಂತಲ್ಲ ಎನ್ನಿಸಿತು. "ಆಯ್ತು," ಎಂದು ತನ್ನ ಕೋಣೆಗೆ ಬಂದಳು. ಅಕ್ಕಿ ತೊಳೆದಳು, ಕುಕ್ಕರ್ ಇಟ್ಟಳು. ಕುಕ್ಕರ್ ಕೂಗಿದ ಮೇಲೂ ಒಲೆ ಆರಿಸದೆ ನಿಂತಿದ್ದಳು.

ಮಾರನೆಯ ದಿನ ಊಟದ ಬಿಡುವಿನಲ್ಲಿ, ಕಚೇರಿಯ ಫೋನನ್ನು ಮುಟ್ಟದೆ, ತನ್ನ ಮೊಬೈಲಿನಿಂದ ಬೆಂಗಳೂರಿನ ಚಾನೆಲ್ಲಿಗೆ ಕರೆ ಮಾಡಿದಳು. ಒಂದು ಕಚೇರಿಯೊಳಗೆ ಯಾರಿಂದ ಯಾರಿಗೆ ಹೋಗಬೇಕು, ಎಲ್ಲಿ ಮೆತ್ತಗೆ ಮಾತಾಡಬೇಕು ಎನ್ನುವುದು ಅವಳ ಹದಿನಾರು ವರ್ಷದ ಕಸುಬು. ಅಲ್ಲಿ ಫೋನೆತ್ತಿದ ಹುಡುಗಿಗೆ, "ನಾನೂ ಆಪರೇಟರೇ ಕಣಮ್ಮ, ಮಂಡ್ಯದಲ್ಲಿ," ಎಂದಳು. ಹುಡುಗಿ ಡಬ್ಬಿಂಗ್ ಸ್ಟುಡಿಯೋದ ನಂಬರು ಕೊಟ್ಟಳು. ಸ್ಟುಡಿಯೋದವನು ಯಾಕೆ, ಏನು ಎಂದು ಎರಡು ಸಲ ಕೇಳಿ, ಕೊನೆಗೆ, "ಕ್ಯಾಪ್ಟನ್ ದನಿಯವರ ಹೆಸರು ಸ್ವಾಮಿ ಅಂತ. ನಂಬರು ಬರ್ಕೊಳ್ಳಿ," ಎಂದ.

ಬಹಳ ಹೊತ್ತು ರಿಂಗಾಯಿತು. ಕೊನೆಗೆ, "ಅಲೋ, ಯಾರು?" ಎಂದಿತು ಆ ಕಡೆ.

ನಂಬರು ತಪ್ಪಿತು ಎಂದುಕೊಂಡಳು. ಹಿಂದೆ ಲಾರಿಯ ಎಂಜಿನ್ನು ಗುರುಗುಡುತ್ತಿತ್ತು. ಏನನ್ನೋ ಒಂದೇ ಸಮ ದಬದಬನೆ ಎಸೆಯುತ್ತಿದ್ದರು. "ಕೇಳುಸ್ತಿಲ್ವಾ? ಯಾರ್ ಮಾತಾಡದು?" ಎಂದು ಮತ್ತೆ ಕೇಳಿದಾಗ, ಆ 'ಮಾತಾಡದು' ಕೊನೆಗೆ ಬಂದು ತಗ್ಗಿದ ರೀತಿಯಲ್ಲಿ ಅವಳಿಗೆ ಗುರುತು ಹತ್ತಿತು.

"ಸಾರ್, ಮಂಡ್ಯದಿಂದ ಮಾತಾಡ್ತಿದೀನಿ. 'ದೂರದ ದಡ'ದಲ್ಲಿ ಕ್ಯಾಪ್ಟನ್‌ಗೆ ದನಿ ಕೊಡೋದು ನೀವೇನಾ?"

"ಊಂ ಕಣಮ್ಮ, ನಾನೇಯ. ಇಷ್ಟ್ ವರ್ಸದಲ್ಲಿ ಅದ್ನ ಕೇಳ್ಕಂಡು ಫೋನ್ ಮಾಡ್ದೋರು ನೀವೇ ಮೊದ್ಲು." ಅವನು ಸ್ವಲ್ಪ ಪಕ್ಕಕ್ಕೆ ಬಂದನೆಂದು ಕಾಣುತ್ತದೆ, ಲಾರಿಯ ಸದ್ದು ದೂರವಾಯಿತು. "ಮಂಡ್ಯ ಅಂದ್ರಾ? ನಂದೂ ಈ ಕಡೇನೆ. ಅಲಗೂರು ತಾವು ನಮ್ಮೂರು. ಈಗ ಮದ್ದೂರಲ್ಲಿವ್ನಿ, ಎಳನೀರ್ ಮಾರ್ಕೆಟ್ನಲ್ಲಿ ಕೆಲ್ಸ. ವಾರಕ್ಕೊಂದ್ ದಪ ರೈಲತ್ತಿ ಬೆಂಗ್ಳೂರ್ಗೆ ಓಗಿ ಮಾತಾಡ್ಬುಟ್ಟು ಬತ್ತೀನಿ."

"ಟೀವೀಲಿ ಹಿಂಗೆ ಮಾತಾಡಲ್ವಲ್ಲ ನೀವು."

ಅವನು ನಕ್ಕ. "ಮೈಕ್ ಮುಂದ್ಕೋದ್ರೆ ಅದೆಲ್ಲಿಂದ ಬತ್ತದೋ ಕಾಣೆ 'ಹ' ಅನ್ನದು. ಈಚ್ಗೆ ಬಂದೇಟ್ಗೆ ಒಂಟೋಯ್ತದೆ."

ಹೇಮಶ್ರೀಗೂ ನಗು ಬಂತು. ಬೆಳಗ್ಗೆಯಿಂದ ಕಟ್ಟಿಕೊಂಡಿದ್ದ ಮಾತು ಹೇಳಲು ಧೈರ್ಯ ಬಂತು. "ಸಾರ್, ಒಂದು ವಿಷಯ ಹೇಳೋಣ ಅಂತ ಮಾಡ್ದೆ. ಆ ಓಟಿಂಗಲ್ಲಿ ನನ್ನ ನಂಬರಿಂದ ನಿಮ್ಮ ವಿರುದ್ಧ ಒಂದು ಓಟು ಬಿದ್ದಿದೆ. ಅದು ನಾನು ಹಾಕಿದ್ದಲ್ಲ. ನನಗೆ ಗೊತ್ತಿಲ್ಲದೆ ಹಾಕಿದಾರೆ. ನೀವು ಬೇಡ ಅಂತ ನಾನು ಯಾವತ್ತೂ ಅಂದಿಲ್ಲ."

"ಓಟಾ?" ಎಂದ ಅವನು. "ಯಾವ್ ಓಟು?"

ಲೈನು ಕಡಿದುಹೋದ ಮೌನ ಬೇರೆ, ಫೋನಿಗೆ ಕೈ ಅಡ್ಡ ಹಿಡಿದ ಮೌನ ಬೇರೆ, ಆ ಕಡೆ ಮನುಷ್ಯ ಕಾಯುತ್ತಿರುವ ಮೌನ ಬೇರೆ. ಈಗ ಕೇಳುತ್ತಿರುವುದು ಯಾವುದೆಂದು ಹೇಮಶ್ರೀಗೆ ಗೊತ್ತಿತ್ತು. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಹೇಳದೆ ಇರುವಂತಿರಲಿಲ್ಲ. ಚಾನೆಲ್ಲಿನವರು ಮಿಸ್ಡ್ ಕಾಲ್ ಕೊಡಿಸಿದ್ದು, ಮಂಗಳವಾರ ಬಂದ ಸಂದೇಶ, ಈ ಭಾನುವಾರದಿಂದ ಬೇರೆ ಯಾರೋ ಮಾತಾಡುವುದು, ಎಲ್ಲವನ್ನೂ ನಿಧಾನವಾಗಿ ಹೇಳಿದಳು.

"ಈ ವಾರ ಬರಬ್ಯಾಡಿ, ನಾವೇ ಫೋನ್ ಮಾಡ್ತೀವಿ ಅಂದಿದ್ರು," ಎಂದ ಸ್ವಾಮಿ. "ಮಿಷಿನ್ ಕೆಟ್ಟಿರ್ಬೇಕು ಅಂದ್ಕಂಡಿದ್ದೆ."

"ತಪ್ಪಾಯ್ತು ಸಾರ್. ನಾನು ಹೇಳಬಾರದಾಗಿತ್ತು."

"ನೀವ್ಯಾಕೆ ತೆಪ್ಪು ಅಂತೀರಿ. ಯೋಳದೆ ಇದ್ದಿದ್ರೆ ಫೋನ್ ಬತ್ತದೆ ಅಂತ ಕಾಯ್ಕಂಡು ಕುಂತಿರ್ತಿದ್ದೆ, ಅಷ್ಟೇಯ." ದಬದಬ ಸದ್ದು ಆ ಕಡೆ ನಡೆದೇ ಇತ್ತು. ಎಳನೀರು ಲಾರಿಗೆ ತುಂಬುತ್ತಿದ್ದಾರೆ ಎಂದು ಈಗ ತಿಳಿಯಿತು. ಅವನು ಗಂಟಲು ಸರಿಮಾಡಿಕೊಂಡ. "ಒಂದ್ ಮಾತು ಕೇಳ್ತೀನಿ ಕಣಮ್ಮ, ನಿಜ ಯೋಳಿ. ಆ ಒಸಬಂಗೆ ನನ್ ದನಿ ಒಪ್ತಿರ್ನಿಲ್ವಾ? ಅಲ್ಲಿ ನಾವು ಬಾಯೊಂದೇ ನೋಡದು. ಅವ್ನು ತೆಗೆದ್ರೆ ನಾವ್ ತೆಗೀಬೇಕು, ಅವ್ನು ಮುಚ್ಚಿದ್ರೆ ಮುಚ್ಚಬೇಕು. ಮುಖ ನೋಡಕೆ ಪುರ್ಸೊತ್ತಿರಕಿಲ್ಲ. ಮನೇಲಿ ನಂಗೆ ನೋಡಕೂ ಆಗಕಿಲ್ಲ, ಭಾನ್ವಾರ ಇಲ್ಲಿ ಲೋಡಿಂಗು. ನೀವ್ ನೋಡಿದೀರಲ್ಲ."

ಹೇಮಶ್ರೀ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು.

"ಒಪ್ತಿತ್ತು ಸಾರ್," ಎಂದಳು. "ಅವನದೇ ದನಿ ಅನ್ನೋ ಹಂಗಿತ್ತು. ಮನುಷ್ಯ ಬದಲಾದ ಅಂತ ನನಗೆ ಗೊತ್ತೇ ಆಗ್ಲಿಲ್ಲ."

"ಅಂಗಾರೆ ಸರಿ ಬುಡಿ. ಅಷ್ಟಾದ್ರೆ ಸಾಕು," ಎಂದ. ಯಾರೋ ದೂರದಿಂದ ಸ್ವಾಮಣ್ಣ ಎಂದು ಕೂಗಿದರು. "ಬಂದೆ ಕಣ್ಲಾ," ಎಂದು ಅವರಿಗೆ ಹೇಳಿ, "ಎಸ್ರೇನಮ್ಮ ನಿಮ್ದು?" ಎಂದು ಕೇಳಿದ.

"ಹೇಮಶ್ರೀ."

"ಏಮಸ್ರೀ," ಎಂದ ಅವನು, ನೆನಪಿಟ್ಟುಕೊಳ್ಳುವವನಂತೆ. "ಸರಿ ಕಣಮ್ಮ. ಲಾರಿ ಒಂಟದೆ, ಇಡ್ತೀನಿ."

ಊರಿನಲ್ಲಿ ಅಪ್ಪ ಅವಳನ್ನು ಹಾಗೆಯೇ ಕರೆಯುತ್ತಿದ್ದ. ಅವನು ಹೋಗಿ ಮೂರು ವರ್ಷವಾಗಿತ್ತು. ನಂಬರನ್ನು 'ಸ್ವಾಮಿ, ಮದ್ದೂರು' ಎಂದು ಸೇರಿಸಿ ಇಟ್ಟಳು. ಮತ್ತೆ ಕರೆ ಮಾಡಲು ಕಾರಣ ಏನಿದೆ ಎಂದು ಯೋಚಿಸಿದಳು. ಏನೂ ಇರಲಿಲ್ಲ. ಗುರುವಾರ ಬೋರ್ಡಿಗೆ ಒಂಬತ್ತು ಕರೆ ಬಂದವು, ಶುಕ್ರವಾರ ಆರು. ನಡುವೆ ಕೈ ಎರಡೂ ಮೇಜಿನ ಮೇಲಿಟ್ಟುಕೊಂಡು ಕೂತಿರುತ್ತಿದ್ದಳು. ಲಾರಿಗೆ ಬೀಳುತ್ತಿದ್ದ ಎಳನೀರಿನ ಸದ್ದು ಕಿವಿಯಲ್ಲಿ ಉಳಿದುಕೊಂಡಿತ್ತು.

ಭಾನುವಾರ ಹೋಗುವುದು ಬೇಡ ಎಂದುಕೊಂಡಿದ್ದಳು. ಬಟ್ಟೆ ನೆನೆಸಿ ಬಕೆಟ್ಟಿನ ಮುಂದೆ ಕೂತಿದ್ದಾಗ, ಹತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಅಮೃತ ಬಂದು ಬಾಗಿಲು ತಟ್ಟಿದಳು. "ಬನ್ನಿ ಅಕ್ಕ, ಶುರುವಾಗುತ್ತೆ. ಇದೇನು ಇವತ್ತು ಬಟ್ಟೆ?" ಎಂದು ತಾನೇ ಮಗ್ಗಿನಲ್ಲಿ ನೀರು ಮೊಗೆದು ಹೇಮಶ್ರೀಯ ಸೋಪಿನ ಕೈಗೆ ಹುಯ್ದಳು. ಅವಳ ಬೆರಳು ತಣ್ಣಗಿದ್ದವು. ಮಂಗಳವಾರದ ಮಾತು ಅವಳ ದನಿಯಲ್ಲಿ ಎಲ್ಲೂ ಉಳಿದಿರಲಿಲ್ಲ. ಹೇಮಶ್ರೀ ಸೆರಗಿಗೆ ಕೈ ಒರೆಸಿಕೊಂಡು ಅವಳ ಹಿಂದೆ ಹೋದಳು.

ನಡುಮನೆಯಲ್ಲಿ ಇನ್ನೊಬ್ಬಳಿದ್ದಳು. ಅಮೃತಳ ಜೊತೆ ಓದುವ ರಂಜಿತ. "ನಮಸ್ತೆ ಆಂಟಿ," ಎಂದಳು. ಇಬ್ಬರೂ ಸೋಫಾದ ಮೇಲೆ ಒತ್ತಿಕೊಂಡು ಕೂತರು. ಗುಂಪಿನಲ್ಲಿ ಯಾರು ಏನು ಬರೆದರು ಎಂದು ಫೋನು ಒಬ್ಬರ ಕೈಯಿಂದ ಒಬ್ಬರಿಗೆ ಹೋಗುತ್ತಿತ್ತು. ಸೀರಿಯಲ್ಲಿನ ಸಂಗೀತ ಶುರುವಾದಾಗ ರಂಜಿತ ಶ್ ಎಂದಳು.

ಮೊದಲು ಎಂಜಿನ್ನಿನ ಸದ್ದು. ಆಮೇಲೆ ಡಾಕ್ಟರಮ್ಮನ ಮಾತು. ಆಮೇಲೆ ಗಂಡಸಿನದೊಂದು ದನಿ, ಎಳೆಯದು, ಚುರುಕಾದದ್ದು, "ದಿಕ್ಕು ಬದಲಿಸಿ," ಎಂದಿತು.

"ಇದು ಯಾರು?" ಎಂದಳು ಹೇಮಶ್ರೀ. ಎಂಟು ವರ್ಷದಲ್ಲಿ ಈ ಕುರ್ಚಿಯಲ್ಲಿ ಕೂತು ಅವಳು ಹಾಗೆ ಕೇಳಿದ್ದು ಇದೇ ಮೊದಲು.

"ಕ್ಯಾಪ್ಟನ್ನೇ ಅಲ್ವಾ ಅಕ್ಕ," ಎಂದಳು ಅಮೃತ. ರಂಜಿತಳ ಕಡೆ ತಿರುಗಿ, "ನೋಡು, ಈಗ ಎಷ್ಟು ಚೆನ್ನಾಗವ್ನೆ. ಮೂಗು ಕೂಡ ಸರಿಯಾಗೇ ಕಾಣ್ತದೆ," ಎಂದಳು. ಇಬ್ಬರೂ ನಕ್ಕರು.

ಹೇಮಶ್ರೀ ಆ ದನಿಯನ್ನು ಗುರುತಿಟ್ಟುಕೊಳ್ಳಲು ನೋಡಿದಳು. ಅಷ್ಟರಲ್ಲಿ ನೌಕೆಯ ಹುಡುಗರು ನಾಲ್ಕೈದು ಜನ ಒಟ್ಟಿಗೆ ಮಾತಾಡಿದರು. ಎಲ್ಲರದೂ ಹೆಚ್ಚುಕಡಿಮೆ ಅದೇ ವಯಸ್ಸಿನ ದನಿ. ಅವರ ನಡುವೆ ಅದು ಕಳೆದುಹೋಯಿತು. ಮಾತಿಲ್ಲದ ಜಾಗವೊಂದು ಬಂತು, ಸುಮಾರು ಉದ್ದದ್ದು. ಗಾಳಿಯ ಸದ್ದು ಮಾತ್ರ. ಅವಳು ಅಮೃತಳ ಕಡೆ ಮುಖ ತಿರುಗಿಸಿ ಕಾದಳು. ಅಮೃತ ಮತ್ತು ರಂಜಿತ ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ಅಬ್ಬಾ," ಎಂದಳು ರಂಜಿತ. ಏನನ್ನು ನೋಡಿ ಎಂದು ಕೇಳಲು ಹೇಮಶ್ರೀಗೆ ಮನಸ್ಸಾಗಲಿಲ್ಲ.

ಕುಸುಮ ಒಳಗಿನಿಂದ ಬಂದು ಅವಳ ಕೈಗೆ ತಟ್ಟೆ ಕೊಟ್ಟಳು. "ಕಡ್ಲೆಕಾಯಿ ಬೇಯ್ಸಿವ್ನಿ. ಬಿಸಿ ಅದೆ, ನೋಡ್ಕಂಡು ತಿನ್ನಿ," ಎಂದಳು. ಅಲ್ಲೇ ನಿಂತು, "ಬ್ಯಾಸರ ಆಯ್ತದಾ?" ಎಂದಳು.

"ಇಲ್ಲ ಕುಸುಮಕ್ಕ."

ತಟ್ಟೆಯನ್ನು ಎರಡೂ ಕೈಯಲ್ಲಿ ತೊಡೆಯ ಮೇಲೆ ಹಿಡಿದುಕೊಂಡಳು. ಬಿಸಿ ಸೀರೆಯನ್ನು ದಾಟಿ ಹತ್ತುತ್ತಿತ್ತು. ಟೀವಿಯಲ್ಲಿ ಈಗ ಇಬ್ಬರು ಗಂಡಸರು ಯಾವುದೋ ಸಣ್ಣ ಕೋಣೆಯಲ್ಲಿ ಮಾತಾಡುತ್ತಿದ್ದರು. ಒಬ್ಬ ಇಲ್ಲೇ ಇಳಿದುಬಿಡೋಣ ಎನ್ನುತ್ತಿದ್ದ. ಇನ್ನೊಬ್ಬ ಬೇಡ, ಇನ್ನೂ ಮುಂದೆ ಹೋಗೋಣ ಎನ್ನುತ್ತಿದ್ದ. ಕ್ಯಾಪ್ಟನ್ ಯಾರೆಂದು ತಿಳಿಯಲು, ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆಯಲಿ ಎಂದು ಹೇಮಶ್ರೀ ಕಾದಳು. ಅವರು ಕರೆಯಲಿಲ್ಲ. ಇಬ್ಬರಲ್ಲಿ ಒಬ್ಬ ಸಣ್ಣಗೆ ನಕ್ಕ. ಕುರ್ಚಿ ಸರಿಯಿತು. ಕಬ್ಬಿಣದ ಬಾಗಿಲು ತೆರೆದುಕೊಂಡು ಮತ್ತೆ ಮುಚ್ಚಿತು. ಯಾರೋ ಒಬ್ಬ ಹೊರಗೆ ಹೋಗಿದ್ದ. ಒಳಗೆ ಉಳಿದವನ ಉಸಿರು ಮಾತ್ರ ಕೇಳಿಸುತ್ತಿತ್ತು.